ಎಂಬತ್ತೈದು ಮನೆಗಳ ಹತ್ತು ಗಂಟೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಲೈನ್‌ಮನ್ ಫೋನ್ ಮಾಡಿದರು. ಅವರು ಬಾಯಿ ತೆರೆಯುವ ಮೊದಲೇ ವಿಷಯ ಏನೆಂದು ನನಗೆ ಗೊತ್ತಿತ್ತು.

"ಮೇಡಂ, ಟಿಸಿ ಫ್ಯೂಸ್ ಹೋಯ್ತು. ಅದೇ ಟಿಸಿ."

"ಯಾವಾಗ ಅಣ್ಣ?"

"ಈಗ್ಲೇ. ಹತ್ತಕ್ಕೆ ಇತ್ತು, ಹತ್ತೂ ಮೂರಕ್ಕೆ ಇಲ್ಲ."

ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಬಸವೇಶ್ವರನಗರದಲ್ಲಿ ನಾನು ಸಹಾಯಕ ಎಂಜಿನಿಯರ್ ಆಗಿದ್ದ ಸೆಕ್ಷನ್‌ನಲ್ಲಿ ಅಂಥವು ನೂರಕ್ಕೂ ಹೆಚ್ಚಿದ್ದವು. ಆದರೆ 'ಅದೇ ಟಿಸಿ' ಎಂದರೆ ನಮ್ಮಿಬ್ಬರ ಮಟ್ಟಿಗೆ ಒಂದೇ. ಪಾರ್ಕಿನ ಮೂಲೆಯಲ್ಲಿ, ಫಿಸಿಯೋಥೆರಪಿ ಕ್ಲಿನಿಕ್ಕಿನ ಎದುರು, ಎರಡು ಕಂಬಗಳ ನಡುವೆ ಕೂರಿಸಿದ್ದ ಇನ್ನೂರೈವತ್ತು ಕೆವಿಎ ಸಾಮರ್ಥ್ಯದ ಹಳೆಯ ಪೆಟ್ಟಿಗೆ. ಎಂಟು ದಿನಗಳಲ್ಲಿ ಅದರ ಫ್ಯೂಸ್ ಹೋದದ್ದು ಅದು ಮೂರನೇ ಸಲ. ಮೂರು ಸಲವೂ ಹತ್ತರಿಂದ ಹತ್ತೂ ಐದರೊಳಗೆ.

ಆ ಟಿಸಿಯ ಕೆಳಗೆ ನೂರಾ ನಲವತ್ತು ಮನೆಗಳಿದ್ದವು. ಅದರಲ್ಲಿ ಎಂಬತ್ತೈದು ಮನೆಗಳನ್ನು ನಾವು ಒಂದು ಪ್ರಯೋಗಕ್ಕೆ ಸೇರಿಸಿಕೊಂಡಿದ್ದೆವು. ಹಳೆಯ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಹಾಕಿದ್ದೆವು. ನಾಳೆ ಯಾವ ಅರ್ಧ ಗಂಟೆಗೆ ಯೂನಿಟ್‌ಗೆ ಎಷ್ಟು ಬೆಲೆ ಎಂಬುದು ಹಿಂದಿನ ಸಂಜೆಯೇ ಫೋನಿಗೆ ಬರುತ್ತಿತ್ತು. ಸೂರ್ಯನ ವಿದ್ಯುತ್ ಧಾರಾಳವಾಗಿ ಸಿಗುವ ಹಗಲಿನಲ್ಲಿ ಬೆಲೆ ಕಡಿಮೆ, ಎಲ್ಲರೂ ಮನೆಗೆ ಬಂದು ದೀಪ ಹಾಕುವ ಸಂಜೆಗೆ ಜಾಸ್ತಿ. ಜೊತೆಗೆ ಪ್ರತಿ ಮನೆಗೂ ಒಂದು ಪುಟ್ಟ ನಿಯಂತ್ರಣ ಪೆಟ್ಟಿಗೆ. ಸಂಪಿನ ಮೋಟಾರು, ಗೀಸರ್, ಸ್ಕೂಟರ್ ಚಾರ್ಜರ್, ವಾಷಿಂಗ್ ಮೆಷಿನ್ ಇವನ್ನು ಅದಕ್ಕೆ ಜೋಡಿಸಿದರೆ ಬೆಲೆ ಇಳಿದಾಗ ಅದೇ ಆನ್ ಮಾಡುತ್ತದೆ, ಏರಿದಾಗ ಅದೇ ಆಫ್ ಮಾಡುತ್ತದೆ. ಜನ ಸಂಜೆಯ ಬಳಕೆಯನ್ನು ಹಗಲಿಗೆ ಸರಿಸಿದರೆ ಗ್ರಿಡ್ಡಿನ ಮೇಲಿನ ಒತ್ತಡ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಆ ಎಂಬತ್ತೈದು ಮನೆಗಳ ಮೆಟ್ಟಿಲು ಹತ್ತಿ ಇದನ್ನೆಲ್ಲ ವಿವರಿಸಿದವಳು ನಾನೇ.

ಅವರಲ್ಲಿ ಒಪ್ಪಿಸಲು ತೀರಾ ಕಷ್ಟವಾದದ್ದು ದೋಸೆ ಹಿಟ್ಟಿನ ಆಂಟಿ. ಮನೆಯ ಕೆಳಗಿನ ಪೋರ್ಷನ್‌ನಲ್ಲಿ ಮೂರು ದೊಡ್ಡ ಗ್ರೈಂಡರ್ ಇಟ್ಟುಕೊಂಡು ನಾಗರಬಾವಿಯ ಪಿಜಿಗಳಿಗೆ ಹಿಟ್ಟು ಕಳಿಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ರುಬ್ಬುವುದು ಅವರ ವರ್ಷಗಳ ಅಭ್ಯಾಸ. ಹತ್ತಕ್ಕೆ ಬದಲಾಯಿಸಿ, ಕರೆಂಟ್ ಅಗ್ಗ ಸಿಗುತ್ತದೆ ಎಂದು ಮೂರು ಸಲ ಹೋಗಿ ಹೇಳಿದ ಮೇಲೆ ಒಪ್ಪಿದ್ದರು. ಆ ಸೋಮವಾರ ನಾನು ಸ್ಥಳಕ್ಕೆ ಹೋದಾಗ ಅವರು ಮೊಣಕೈವರೆಗೆ ಉದ್ದಿನ ಹಿಟ್ಟು ಮೆತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

"ತುಂಬಿದ ಗ್ರೈಂಡರ್ ನಿಂತುಬಿಟ್ರೆ ಮತ್ತೆ ತಿರುಗಲ್ಲ ಮೇಡಂ. ಕೈ ಹಾಕಿ ಎಲ್ಲಾ ತೆಗೀಬೇಕು. ಅರ್ಧಕ್ಕೆ ನಿಂತ ಉದ್ದು ಆಮೇಲೆ ಉಬ್ಬಲ್ಲ. ಆರು ಗಂಟೆಗೆ ನನಗೆ ಈ ಗೋಳೇ ಇರ್ಲಿಲ್ಲ."

"ಇವತ್ತೇ ನೋಡ್ತೀನಿ ಆಂಟಿ."

"ಹೋದ ವಾರವೂ ನೋಡಿದ್ರಲ್ಲ."

ಲೈನ್‌ಮನ್ ಅಷ್ಟರಲ್ಲಿ ಒಂದೊಂದೇ ಫೇಸಿಗೆ ಫ್ಯೂಸ್ ಕಟ್ಟುತ್ತಿದ್ದರು. ಮೂರನ್ನೂ ಒಟ್ಟಿಗೆ ಹಾಕಿದರೆ ಅದೂ ಹೋಗುತ್ತಿತ್ತು. ಕರೆಂಟ್ ಬಂದ ಕೂಡಲೇ ನಿಂತಿದ್ದ ಮೋಟಾರುಗಳೆಲ್ಲ ಒಟ್ಟಿಗೆ ಎಳೆಯುತ್ತಿದ್ದವು, ಅದರ ಮೇಲೆ ಇಳಿದುಹೋಗಿದ್ದ ಇನ್‌ವರ್ಟರ್‌ಗಳೂ ಸೇರುತ್ತಿದ್ದವು. ಲೈನ್‌ಮನ್ ಮಲ್ಲತ್ತಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಹೊಲ ಲೇಔಟ್ ಆದ ಮೇಲೆ ಮೂರಂತಸ್ತಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಸಂಬಳ ಇಲ್ಲದಿದ್ದರೂ ಅವರ ಜೀವನ ನಡೆಯುತ್ತಿತ್ತು. ಆದರೂ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇರುವಾಗಲೂ ಕಂಬ ಹತ್ತುವುದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು.

"ಥರ್ಡ್ ಕ್ರಾಸಲ್ಲಿ ಮನೆ ಕಟ್ತಾ ಇದಾರಲ್ಲ ಮೇಡಂ, ಅವ್ರು ಕದ್ದು ಎಳ್ಕೊಂಡಿದಾರೆ. ಬೆಟ್ ಕಟ್ತೀನಿ" ಎಂದರು.

ಇಬ್ಬರೂ ಹೋಗಿ ನೋಡಿದೆವು. ಕಟ್ಟಡದ ಪಂಪಿಗೆ ವೈರೇ ಜೋಡಿಸಿರಲಿಲ್ಲ. ಮೇಸ್ತ್ರಿ ಊರಿಗೆ ಹೋಗಿ ನಾಲ್ಕು ದಿನವಾಗಿತ್ತಂತೆ.

ಮಧ್ಯಾಹ್ನ ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ಆ ಟಿಸಿಯ ದಾಖಲೆ ತೆರೆದೆ. ಅರ್ಧ ಗಂಟೆಗೊಂದು ಕಂಬದಂತೆ ಬಳಕೆ ಕಾಣುತ್ತದೆ. ಹತ್ತರಿಂದ ಹತ್ತೂವರೆಯ ಕಂಬ ಆ ಬೆಳಗಿನಲ್ಲೇ ತೀರಾ ಗಿಡ್ಡ. ಮೂರೇ ನಿಮಿಷಕ್ಕೆ ಫ್ಯೂಸ್ ಹೋದರೆ ಉಳಿದ ಇಪ್ಪತ್ತೇಳು ನಿಮಿಷ ಸೊನ್ನೆ. ಸರಾಸರಿ ತೆಗೆದಾಗ ಅದು ಕಡಿಮೆ ಬಳಕೆಯ ಹೊತ್ತಿನಂತೆ ಕಾಣದೆ ಇನ್ನೇನಾಗುತ್ತದೆ? ಫ್ಯೂಸ್ ಹೋಗದ ದಿನಗಳ ಕಂಬವೂ ಮಿತಿಯೊಳಗೇ ಇತ್ತು. ನಮ್ಮ ಕಾರ್ಯನಿರ್ವಾಹಕ ಎಂಜಿನಿಯರ್ ನನ್ನ ಹಿಂದೆ ನಿಂತು ನೋಡಿದರು.

"ಇಲ್ಲೇನೂ ಇಲ್ವಲ್ಲಮ್ಮ. ಫ್ಯೂಸ್ ವೈರು ಹಳೇದಿರತ್ತೆ. ಶುಕ್ರವಾರ ಹನ್ನೊಂದಕ್ಕೆ ಪ್ರಯೋಗದ ರಿವ್ಯೂಗೆ ಮೇಲಿನವರೆಲ್ಲ ಸೈಟಿಗೇ ಬರ್ತಾರೆ. ಅಷ್ಟೊತ್ತಿಗೆ ಸರಿ ಇರ್ಬೇಕು."

ವಿಜಯನಗರದ ಮನೆಗೆ ಸ್ಕೂಟರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಆ ಗಿಡ್ಡ ಕಂಬವೇ ಕಣ್ಣ ಮುಂದಿತ್ತು. ಸಿಗ್ನಲ್ಲಿನಲ್ಲಿ ಹಸಿರು ಬಂದದ್ದು ಗೊತ್ತಾಗದೆ ಹಿಂದಿನವರ ಹಾರ್ನ್ ಕೇಳಿ ಹೊರಟೆ.

ಮಂಗಳವಾರ ಒಂಬತ್ತೂವರೆಗೇ ನಾನೂ ಲೈನ್‌ಮನ್ನೂ ಟಿಸಿ ಹತ್ತಿರ ಇದ್ದೆವು. ಟಾಂಗ್ ಟೆಸ್ಟರ್ ಎಂಬ ಇಕ್ಕಳದಂಥ ಮೀಟರನ್ನು ಕೇಬಲ್ಲಿನ ಸುತ್ತ ಕಚ್ಚಿಸಿದರೆ ಆ ಕ್ಷಣ ಎಷ್ಟು ಕರೆಂಟ್ ಹರಿಯುತ್ತಿದೆಯೋ ಅದು ತೋರಿಸುತ್ತದೆ. ಸರಾಸರಿಯ ಸೋಗು ಅದಕ್ಕಿಲ್ಲ. ಆ ಟಿಸಿ ತಡೆದುಕೊಳ್ಳುವುದು ಫೇಸಿಗೆ ಸುಮಾರು ಮುನ್ನೂರ ಮೂವತ್ತು ಆಂಪಿಯರ್. ಒಂಬತ್ತೂ ಐವತ್ತೈದಕ್ಕೆ ನೂರ ಅರವತ್ತೆಂಟು ಇತ್ತು. ಒಂಬತ್ತೂ ಐವತ್ತೊಂಬತ್ತಕ್ಕೆ ನೂರ ಎಪ್ಪತ್ತು. ನಾನು ಎಡಗೈಯಲ್ಲಿ ಫೋನ್ ಹಿಡಿದು ಸೆಕೆಂಡ್ ಎಣಿಸುತ್ತಿದ್ದೆ.

ಹತ್ತು ಹೊಡೆಯಿತು. ಟಿಸಿಯ ಗುಂಯ್ ಸದ್ದು ಒಮ್ಮೆಲೇ ದಪ್ಪವಾಯಿತು. ಕ್ಲಿನಿಕ್ಕಿನೊಳಗಿನ ಫ್ಯಾನಿನ ರೆಕ್ಕೆಗಳು ಎಣಿಸುವಷ್ಟು ನಿಧಾನವಾದವು.

"ಎಷ್ಟು ಅಣ್ಣ?"

ಅವರು ಮೀಟರನ್ನು ಕಣ್ಣಿನ ಹತ್ತಿರ ತಂದರು. "ಐನೂರ ಹನ್ನೆರಡು." ಮತ್ತೆ ನೋಡಿದರು. "ಹೌದು ಮೇಡಂ, ಐನೂರೇ."

ಎರಡೂವರೆ ನಿಮಿಷಕ್ಕೆ ಫ್ಯೂಸ್ ಸಿಡಿಯಿತು. ಬೀದಿಯ ಆಚೆಯಿಂದ ಆಂಟಿಯ ಗ್ರೈಂಡರುಗಳ ಸದ್ದು ಕ್ರಮೇಣ ಇಳಿದು ನಿಂತಿತು.

ನನಗೆ ಅಲ್ಲೇ ಅರ್ಥವಾಯಿತು. ಅರ್ಥವಾದದ್ದರಿಂದ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಜನ ಮೋಟಾರು ಹಾಕುತ್ತಿದ್ದದ್ದು ಅವರವರಿಗೆ ತೋಚಿದಾಗ. ಒಬ್ಬರು ಪೂಜೆ ಮುಗಿಸಿ, ಇನ್ನೊಬ್ಬರು ಮಗುವನ್ನು ಶಾಲೆಗೆ ಬಿಟ್ಟು ಬಂದು, ಮತ್ತೊಬ್ಬರು ನಲ್ಲಿಯಲ್ಲಿ ನೀರು ನಿಂತ ಮೇಲೆ. ಎರಡು ಮನೆಗಳ ಗೋಡೆ ಗಡಿಯಾರ ಕೂಡ ಒಂದೇ ಸಮಯ ತೋರಿಸುತ್ತಿರಲಿಲ್ಲ. ನಮ್ಮ ಟ್ರಾನ್ಸ್‌ಫಾರ್ಮರುಗಳನ್ನು ಆ ಅಶಿಸ್ತನ್ನು ನಂಬಿಯೇ ಹಾಕಿದ್ದು. ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಬಳಸುವುದಿಲ್ಲ ಎಂಬುದೇ ನಮ್ಮ ವಿನ್ಯಾಸದ ಮೊದಲ ಪಾಠ. ಈಗ ಎಂಬತ್ತೈದು ಪೆಟ್ಟಿಗೆಗಳು ನೆಟ್‌ವರ್ಕಿನಿಂದ ಒಂದೇ ಗಡಿಯಾರ ಓದಿ, ಬೆಲೆ ಇಳಿದ ಸೆಕೆಂಡಿಗೆ ಸರಿಯಾಗಿ ಒಟ್ಟಿಗೆ ಸ್ವಿಚ್ ಒತ್ತುತ್ತಿದ್ದವು. ಅವು ಮಾಡುತ್ತಿದ್ದದ್ದು ನಾವು ಹೇಳಿದ್ದನ್ನೇ.

ಪೆಟ್ಟಿಗೆಯ ಸಾಫ್ಟ್‌ವೇರ್ ಮಾಡಿದ ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದೆ. ಧಾರವಾಡದ ಕಡೆಯವರು, ನನ್ನದೇ ವಯಸ್ಸಿನವರು. ಎಲ್ಲವನ್ನೂ ಕೇಳಿಕೊಂಡರು.

"ನೀವು ಹೇಳೋದು ಖರೆ ಅದರಿ ಮೇಡಂ. ಒಂದೊಂದು ಮನೀಗೆ ಸ್ವಲ್ಪ ಸ್ವಲ್ಪ ತಡಾ ಮಾಡಿ ಚಾಲೂ ಮಾಡಿದ್ರ ಆಗತೈತಿ. ಆದ್ರ ಟೆಸ್ಟ್ ಮಾಡಲಾರದ ಕಳಸಾಕ ಬರಂಗಿಲ್ರಿ. ಒಂದ್ ವಾರ ಬೇಕು."

"ಶುಕ್ರವಾರ ರಿವ್ಯೂ ಇದೆ."

"ಹಂಗಾರ ಅಲ್ಲೀತನಾ ಬಂದ್ ಮಾಡ್ರಿ. ನಿಮ್ಮ ಕಡೆ ಬಟನ್ ಐತಲ್ಲ."

ಬಟನ್ ಇತ್ತು. ನನ್ನ ಸೆಕ್ಷನ್ನಿನ ಪೆಟ್ಟಿಗೆಗಳಿಗೆ ಬೆಲೆಯ ಸಂದೇಶ ಹೋಗದಂತೆ ನಿಲ್ಲಿಸುವ ಅಧಿಕಾರ ನನಗಿತ್ತು. ಅದನ್ನು ಒತ್ತುವ ಬದಲು ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿದ್ದ ನನ್ನ ಕಾಲೇಜಿನ ಗೆಳತಿಗೆ ಫೋನ್ ಮಾಡಿದೆ. ಇಡೀ ರಾಜ್ಯದ ಉತ್ಪಾದನೆಯನ್ನೂ ಬಳಕೆಯನ್ನೂ ಕ್ಷಣಕ್ಷಣಕ್ಕೆ ಸರಿದೂಗಿಸುವುದು ಅವಳ ಕೆಲಸ. ಬಹುಶಃ ನನ್ನದು ಸಣ್ಣ ಸಮಸ್ಯೆ ಎಂದು ಯಾರಾದರೂ ಹೇಳಲಿ ಎಂದು ನಾನು ಕಾಯುತ್ತಿದ್ದೆ.

"ನಿನ್ನ ಎಂಬತ್ತೈದು ಮನೆ ನನಗೆ ಕಾಣೋದೇ ಇಲ್ಲ ಕಣೇ" ಎಂದಳು. "ಆದ್ರೆ ನೀವು ಇದನ್ನ ಊರಿಗೆಲ್ಲ ಮಾಡ್ತೀರ ತಾನೆ? ಲಕ್ಷಾಂತರ ಮನೆ ಹತ್ತು ಗಂಟೆಗೆ ಸರಿಯಾಗಿ ಒಟ್ಟಿಗೆ ಎಳೆದ್ರೆ ನನ್ನ ಹತ್ರ ಆ ಸೆಕೆಂಡಿಗೆ ಕೊಡೋಕೆ ಏನಿರತ್ತೆ ಹೇಳು? ಸೋಲಾರ್ ಪಾಪ ತನ್ನ ಪಾಡಿಗೆ ನಿಧಾನಕ್ಕೆ ಏರ್ತಿರತ್ತೆ. ಗ್ರಿಡ್ಡಿನ ಸಮತೋಲ ತಪ್ಪಿ ಫ್ರೀಕ್ವೆನ್ಸಿ ಕೆಳಗೆ ಬೀಳತ್ತೆ. ಬೆಲೆ ಏರಿದಾಗ ಎಲ್ಲಾ ಒಟ್ಟಿಗೆ ಬಿಟ್ರೆ ಮೇಲೆ ಹಾರತ್ತೆ. ನೀನು ಈಗ ಅಲ್ಲೇ ಸರಿ ಮಾಡು. ನನ್ನ ತನಕ ಬರೋ ಹಾಗೆ ಬಿಡಬೇಡ."

ಸಂಜೆ ನಮ್ಮ ಕಾರ್ಯನಿರ್ವಾಹಕ ಎಂಜಿನಿಯರ್ ಬಳಿ ಹೋಗಿ ಮೀಟರಿನ ಫೋಟೋ ತೋರಿಸಿದೆ. ಅವರು ಕೆಟ್ಟವರಲ್ಲ. ಫೋಟೋ ನೋಡಿ ಹಣೆ ಉಜ್ಜಿಕೊಂಡರು.

"ನೀನು ಹೇಳೋದು ಸರಿನೇ ಇರ್ಬೋದಮ್ಮ. ಆದ್ರೆ ರಿವ್ಯೂ ದಿನ ಪ್ರಯೋಗವೇ ಬಂದ್ ಅಂದ್ರೆ ಏನು ತೋರಿಸೋದು? ಮೂರು ದಿನ ಹೇಗಾದ್ರೂ ನಿಭಾಯಿಸು. ಸೋಮವಾರ ನಿಲ್ಲಿಸೋಣ."

ನಾನು ಒಪ್ಪಿಕೊಂಡೆ. ಅವರು ಬಲವಂತ ಮಾಡಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ವರ್ಷ ಓಡಾಡಿದ ಕೆಲಸ ಹತ್ತು ಜನರ ಮುಂದೆ ಸೋತಂತೆ ಕಾಣುವುದು ನನಗೂ ಬೇಡವಾಗಿತ್ತು. ಹೊರಗೆ ಬಂದು ಲೈನ್‌ಮನ್‌ಗೆ ಫೋನ್ ಮಾಡಿದೆ.

"ಅಣ್ಣ, ಶುಕ್ರವಾರದ ತನಕ ಆ ಟಿಸಿ ಒಂದು ನಿಮಿಷವೂ ಹೋಗ್ಬಾರ್ದು. ಏನ್ ಮಾಡ್ತೀರೋ ನನಗೆ ಗೊತ್ತಿಲ್ಲ."

"ಆಯ್ತು ಮೇಡಂ" ಎಂದರು. ಅಷ್ಟೇ.

ಬುಧವಾರ ಹತ್ತು ಗಂಟೆಗೆ ನಾನು ಆಫೀಸಿನ ಮೇಜಿನ ಮೇಲೆ ಫೋನ್ ಇಟ್ಟು ಕಾಯುತ್ತಿದ್ದೆ. ಹತ್ತೂ ಐದಾಯಿತು, ಹತ್ತೂ ಹತ್ತಾಯಿತು, ಫೋನ್ ಬರಲಿಲ್ಲ. ಎದ್ದು ನೀರು ಕುಡಿದು ಬಂದೆ. ಹತ್ತೂವರೆಗೆ ನಾನೇ ಮಾಡಿದೆ. "ಏನೂ ಇಲ್ಲ ಮೇಡಂ, ನಡೀತಾ ಇದೆ" ಎಂದರು. ಗುರುವಾರವೂ ಹಾಗೇ. ಆಂಟಿ ವಾಟ್ಸಾಪಿನಲ್ಲಿ ಹಿಟ್ಟಿನ ಡಬ್ಬಗಳ ಫೋಟೋ ಕಳಿಸಿ 'ಥ್ಯಾಂಕ್ಸ್' ಎಂದು ಬರೆದಿದ್ದರು.

ಐನೂರು ಆಂಪಿಯರ್ ಎಳೆಯುವ ಕಡೆ ಎರಡು ದಿನ ಫ್ಯೂಸ್ ಯಾಕೆ ಹೋಗಲಿಲ್ಲ ಎಂದು ಎಂಜಿನಿಯರ್ ಆದವಳು ಕೇಳಬೇಕಿತ್ತು. ಪ್ರಶ್ನೆ ನನ್ನ ತಲೆಗೆ ಬಂದಿತ್ತು ಕೂಡ. ಉತ್ತರ ಏನಿರಬಹುದು ಎಂದೂ ಗೊತ್ತಿತ್ತು. ಗುರುವಾರ ಮಧ್ಯಾಹ್ನ ಎರಡು ಸಲ ಸ್ಕೂಟರಿನ ಕೀ ಕೈಗೆ ತೆಗೆದುಕೊಂಡೆ, ಎರಡು ಸಲ ಮತ್ತೆ ಮೇಜಿನ ಮೇಲಿಟ್ಟು ರಿವ್ಯೂವಿನ ಪುಟಗಳನ್ನು ತಿದ್ದುತ್ತ ಕೂತೆ.

ಶುಕ್ರವಾರ ಎಲ್ಲ ಮನೆಗಳಲ್ಲಿ ಮನೆ ತೊಳೆಯುವ, ತಲೆಗೆ ನೀರು ಹಾಕಿಕೊಳ್ಳುವ ದಿನ. ಮೋಟಾರು, ಗೀಸರ್ ಎಲ್ಲದರ ಬಳಕೆಯೂ ಜಾಸ್ತಿ. ಅದು ಸಾಲದೆಂಬಂತೆ ಆ ದಿನದ ಬೆಲೆ ಇಡೀ ವಾರದಲ್ಲೇ ಕಡಿಮೆ ಇತ್ತು. ನಾನು ಒಂಬತ್ತೂ ಮುಕ್ಕಾಲಿಗೆ ಪಾರ್ಕಿನ ಹತ್ತಿರ ಬಂದೆ. ಶಾಮಿಯಾನದವರು ಕುರ್ಚಿ ಇಳಿಸುತ್ತಿದ್ದರು. ಲೈನ್‌ಮನ್ ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಟಿಸಿಯ ಬೇಲಿಗೆ ಒರಗಿ ನಿಂತಿದ್ದರು.

ಹತ್ತಕ್ಕೆ ಸದ್ದು ದಪ್ಪವಾಯಿತು, ಹಾಗೇ ಉಳಿಯಿತು. ಹತ್ತೂ ಎಂಟಕ್ಕೆ ರಬ್ಬರ್ ಸುಟ್ಟ ವಾಸನೆ ಬಂತು. ಲೈನ್‌ಮನ್ ತಲೆ ಎತ್ತಿ ನೋಡಿದರು. ಟಿಸಿಯ ಪಕ್ಕದಲ್ಲಿ ಕೇಬಲ್ ಸೇರುವ ಜಾಗದಿಂದ, ಒಳಗೆ ತಂಪಿಗೆಂದು ತುಂಬಿದ್ದ ಎಣ್ಣೆ ಒಂದೊಂದೇ ಹನಿಯಾಗಿ ಇಳಿಯುತ್ತಿತ್ತು. ಆಮೇಲೆ ಹನಿ ಧಾರೆಯಾಯಿತು, ಧಾರೆಗೆ ಬೆಂಕಿ ಹತ್ತಿತು.

ಲೈನ್‌ಮನ್ ಓಡಿಹೋಗಿ ಕಂಬದ ಬುಡದ ಹಿಡಿಕೆಯನ್ನು ಎಳೆದು ಮೇಲಿನ ಸ್ವಿಚ್ ತೆರೆದರು. ನಾನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಅಲ್ಲಿಂದ ಈ ಭಾಗದ ಟಿಸಿಗಳಿಗೆ ವಿದ್ಯುತ್ ತರುವ ಫೀಡರ್ ಲೈನನ್ನೇ ನಿಲ್ಲಿಸಲು ಹೇಳಿದೆ. ಕೆಳಗೆ ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟಿಗೆ ಉರಿ ತಗುಲಿತ್ತು. ಕ್ಲಿನಿಕ್ಕಿನಿಂದ ಜನ ಹೊರಗೆ ಬರತೊಡಗಿದರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಒಬ್ಬ ಹೆಂಗಸನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಇಬ್ಬರು ಎತ್ತಿಕೊಂಡು ಬಂದರು. ಹಿಟ್ಟಿನ ಆಂಟಿ ತಮ್ಮ ಮನೆಯ ಮುಂದೆ ಯಾರೋ ಸುರಿದಿದ್ದ ಮರಳನ್ನು ಬಕೆಟ್ಟಿಗೆ ತುಂಬಿ ಕೊಡುತ್ತಿದ್ದರು. ನಾನೂ ಶಾಮಿಯಾನದವರೂ ಅದನ್ನು ಎರಚುತ್ತಿದ್ದೆವು. ಅಗ್ನಿಶಾಮಕದವರು ಬರುವಷ್ಟರಲ್ಲಿ ಬೆಂಕಿ ಬಹುಪಾಲು ಆರಿತ್ತು. ಯಾರಿಗೂ ಗಾಯವಾಗಲಿಲ್ಲ. ಅದು ನಮ್ಮ ಜಾಣತನದಿಂದ ಆದದ್ದಲ್ಲ.

ಎಲ್ಲ ತಣ್ಣಗಾದ ಮೇಲೆ ಲೈನ್‌ಮನ್ ಫ್ಯೂಸ್ ಪೆಟ್ಟಿಗೆಯ ಬಾಗಿಲು ತೆರೆದರು. ಒಂದು ಎಳೆ ತಂತಿ ಇರಬೇಕಾದ ಕಡೆ ನಾಲ್ಕು ಎಳೆ ಹೊಸೆದು ಕಟ್ಟಿತ್ತು. ಅಷ್ಟು ದಪ್ಪ ತಂತಿ ಕರಗುವುದಿಲ್ಲ. ಫ್ಯೂಸ್ ಕರಗದಿದ್ದಾಗ ಅದರ ಮುಂದಿನ ಬಲಹೀನ ಜಾಗ ಬಿಸಿಯೇರುತ್ತದೆ. ಇಲ್ಲಿ ಅದು ಟಿಸಿಗೆ ಕೇಬಲ್ ಸೇರುವ ಕಡೆ ಸ್ವಲ್ಪ ಸಡಿಲವಾಗಿದ್ದ ಒಂದು ಬೋಲ್ಟ್. ಮೂರು ದಿನ ಕಾದು ಕಾದು ಎಣ್ಣೆ ತಡೆಯುವ ರಬ್ಬರ್ ವಾಷರನ್ನು ಸುಟ್ಟಿತ್ತು. ನಾವಿಬ್ಬರೂ ಆ ತಂತಿಯನ್ನು ನೋಡಿದೆವು. ಅಲ್ಲಿಯೇ ನಿಂತು ಫೋನಿನಲ್ಲಿ ನನ್ನ ಸೆಕ್ಷನ್ನಿನ ಬೆಲೆಯ ಸಂದೇಶವನ್ನು ನಿಲ್ಲಿಸಿದೆ. ಹತ್ತು ಸೆಕೆಂಡಿನ ಕೆಲಸವಾಗಿತ್ತು.

ಮೇಲಿನವರು ಹನ್ನೊಂದಕ್ಕೆ ಸರಿಯಾಗಿ ಬಂದರು, ಕಪ್ಪಾದ ಕಂಬ ನೋಡಿ ಹೋದರು.

ಶನಿವಾರ ಎರಡು ಕಾಗದಗಳು ನನ್ನ ಮುಂದೆ ಬಂದವು. ಒಂದು, ಅಲ್ಲಿ ಐನೂರು ಕೆವಿಎ ಟಿಸಿ ಹಾಕಿ ಸೋಮವಾರದಿಂದಲೇ ಪ್ರಯೋಗ ಮುಂದುವರಿಸಲು ನನ್ನ ಒಪ್ಪಿಗೆ. ಇನ್ನೊಂದು, ಘಟನೆಯ ಬಗ್ಗೆ ನನ್ನ ಹೇಳಿಕೆ.

"ದೊಡ್ಡ ಟಿಸಿ ಬಂದ್ರೆ ಮುಗೀತಲ್ಲಮ್ಮ" ಎಂದರು ನಮ್ಮ ಕಾರ್ಯನಿರ್ವಾಹಕ ಎಂಜಿನಿಯರ್.

"ಇಲ್ಲ ಸಾರ್. ಇಲ್ಲಿ ಸುಡೋದು ಫೀಡರಿಗೆ ಹೋಗತ್ತೆ. ಮನೆ ಜಾಸ್ತಿ ಆದ್ಹಾಗೆ ಸಬ್‌ಸ್ಟೇಷನ್ನಿಗೆ ಹೋಗತ್ತೆ. ಪೆಟ್ಟಿಗೆಗಳು ಬೇರೆ ಬೇರೆ ಹೊತ್ತಿಗೆ ಆನ್ ಆಗೋ ತನಕ ನಾನು ಸಹಿ ಹಾಕಲ್ಲ."

"ಮಂಗಳವಾರ ಈ ಧೈರ್ಯ ಎಲ್ಲಿತ್ತು?"

ಅವರು ಕುಹಕಕ್ಕೆ ಕೇಳಿದ್ದಲ್ಲ. ಹೊಸ ಟಿಸಿಗೆ ಮಾತ್ರ ಒಪ್ಪಿಗೆ ಬರೆದೆ, ಪ್ರಯೋಗಕ್ಕೆ ಬರೆಯಲಿಲ್ಲ. ಆಮೇಲೆ ಹೇಳಿಕೆಯ ಕಾಗದ ಎಳೆದುಕೊಂಡೆ. ಅದನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ 'ನಿಗದಿತಕ್ಕಿಂತ ದಪ್ಪ ತಂತಿ ಬಳಸಲಾಗಿತ್ತು' ಎಂದಿತ್ತು. ಯಾರು, ಯಾಕೆ ಎಂದಿರಲಿಲ್ಲ. ಹಾಗೆ ಬಿಟ್ಟರೆ ಉಳಿದದ್ದನ್ನು ಓದುವವರು ತಾವೇ ತುಂಬಿಕೊಳ್ಳುತ್ತಾರೆ, ಲೈನ್‌ಮನ್ ಹೆಸರಿಗೆ ತುಂಬಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ನಾಲ್ಕನೆಯದರಲ್ಲಿ ಬರೆದೆ: 'ಹೊರೆ ಮಿತಿ ಮೀರುತ್ತಿರುವುದು ಮಂಗಳವಾರವೇ ನನಗೆ ತಿಳಿದಿತ್ತು. ಏನೇ ಆದರೂ ಸರಬರಾಜು ನಿಲ್ಲಬಾರದು ಎಂದು ಲೈನ್‌ಮನ್‌ಗೆ ಸೂಚಿಸಿದವಳು ನಾನು.'

ಮುಂದಿನ ಎರಡು ವಾರ ಧಾರವಾಡದ ಎಂಜಿನಿಯರ್ ದಿನಾ ನಮ್ಮ ಆಫೀಸಿಗೆ ಬಂದರು. ಪ್ರತಿ ಪೆಟ್ಟಿಗೆಯೂ ಬೆಲೆ ಇಳಿದ ಮೇಲೆ ಸೊನ್ನೆಯಿಂದ ನಲವತ್ತು ನಿಮಿಷದೊಳಗೆ ತಾನೇ ಒಂದು ಹೊತ್ತನ್ನು ಆರಿಸಿಕೊಂಡು ಕಾಯಬೇಕು, ಆ ಹೊತ್ತು ದಿನಾ ಬದಲಾಗಬೇಕು ಎಂದು ತೀರ್ಮಾನಿಸಿದೆವು. ತಡವಾಗಿ ಶುರುವಾದ ಮನೆಗೆ ಅಗ್ಗದ ಬೆಲೆಯೂ ಅಷ್ಟೇ ತಡವಾಗಿ ಮುಗಿಯುತ್ತದೆ, ಯಾರಿಗೂ ನಷ್ಟವಿಲ್ಲ. ಆಗ ಆಫ್ ಆಗುವುದೂ ಒಟ್ಟಿಗೆ ಆಗುವುದಿಲ್ಲ. ಕರೆಂಟ್ ಹೋಗಿ ಬಂದಾಗಲೂ ಇದೇ ನಿಯಮ. ಮತ್ತೆ ಮನೆ ಮನೆ ಹತ್ತಿ ವಿವರಿಸಲು ಹೊರಟೆವು. ಹಿಟ್ಟಿನ ಆಂಟಿ ಪೂರ್ತಿ ಕೇಳಿಸಿಕೊಂಡರು.

"ಲಾಟರಿನಾ ಇದು? ಉದ್ದು ನೆನೆಸಿಟ್ಟು ನಿಮ್ಮ ಡಬ್ಬ ಯಾವಾಗ ಹೂಂ ಅನ್ನತ್ತೆ ಅಂತ ಕಾಯ್ಲಾ?"

"ನಲವತ್ತೇ ನಿಮಿಷ ಆಂಟಿ."

"ಈ ಬಿಸಿಲಲ್ಲಿ ನಲವತ್ತು ನಿಮಿಷಕ್ಕೆ ಉದ್ದು ಏನಾಗತ್ತೆ ಅಂತ ನಿಮಗೆ ಗೊತ್ತಾ? ನನಗೆ ಒಂದು ಟೈಮ್ ಹೇಳಿ. ಹತ್ತೂಕಾಲು ಅಂದ್ರೆ ಹತ್ತೂಕಾಲು. ಇಲ್ಲಾಂದ್ರೆ ಡಬ್ಬ ಬಿಚ್ಕೊಂಡು ಹೋಗಿ, ನಾನು ಆರಕ್ಕೇ ರುಬ್ಕೋತೀನಿ."

ನಾನು ಧಾರವಾಡದವರ ಮುಖ ನೋಡಿದೆ. "ಅಂಗಡಿ ಇಟ್ಟವರಿಗೆ ಒಂದ್ ಗಟ್ಟಿ ಟೈಮ್ ಕೊಡೋಣ್ರಿ. ನಾಕೈದು ಮಂದಿ ಅಷ್ಟ ಅಲ್ಲೇನ್ರಿ" ಎಂದರು. ಆಂಟಿಗೆ ಹತ್ತೂಕಾಲು ಸಿಕ್ಕಿತು. ಹನ್ನೊಂದು ಮನೆಯವರು ಮಾತ್ರ ನಮ್ಮ ಮಾತು ಕೇಳಲೂ ಇಷ್ಟಪಡದೆ ಪ್ರಯೋಗದಿಂದ ಹೊರಗೆ ಹೋದರು. ಸೀಟು ಸುಟ್ಟ ಸ್ಕೂಟರಿನ ಯಜಮಾನರು ಅವರಲ್ಲಿ ಒಬ್ಬರು. ಅವರ ಮನೆಯ ಪೆಟ್ಟಿಗೆಯನ್ನು ನಾನೇ ಬಿಚ್ಚಿಕೊಂಡು ಬಂದೆ.

ಈ ಎರಡು ವಾರವೂ ಲೈನ್‌ಮನ್ ಕೆಲಸದ ಮಾತು ಬಿಟ್ಟು ನನ್ನೊಡನೆ ಬೇರೆ ಮಾತಾಡಲಿಲ್ಲ. ನನ್ನ ಹೇಳಿಕೆ ಅವರಿಗೆ ತಿಳಿದಿಲ್ಲ, ನಾನು ತಪ್ಪನ್ನು ಅವರ ಮೇಲೆ ಹಾಕಿದ್ದೇನೆಂದು ಅವರಿಗೆ ಕೋಪ ಎಂದುಕೊಂಡಿದ್ದೆ. ಇಬ್ಬರಿಗೂ ಒಂದೇ ದಿನ ಮೆಮೋ ಬಂತು. ಅವರಿಗೆ ಎಚ್ಚರಿಕೆ. ನನಗೆ ಎಚ್ಚರಿಕೆಯ ಜೊತೆಗೆ ಒಂದು ವರ್ಷದ ಇನ್‌ಕ್ರಿಮೆಂಟ್ ಕಡಿತ, ತಿಂಗಳ ಕೊನೆಗೆ ಕೆಂಗೇರಿ ಕಡೆಗೆ ವರ್ಗ.

ಮರುದಿನ ಹೊಸ ವ್ಯವಸ್ಥೆ ಶುರುವಾಗುವುದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಟಿಸಿ ಹತ್ತಿರ ಬಂದಾಗ ಅವರು ಪಾರ್ಕಿನ ಕಟ್ಟೆಯ ಮೇಲೆ ಕೂತಿದ್ದರು. ಮೆಮೋ ಜೇಬಿನಲ್ಲಿ ಮಡಿಸಿಟ್ಟದ್ದು ಕಾಣುತ್ತಿತ್ತು.

"ಯಾಕೆ ಹಂಗೆ ಬರೆದ್ರಿ ಮೇಡಂ?"

"ಇದ್ದದ್ದನ್ನೇ ಬರೆದೆ ಅಣ್ಣ."

"ಇದ್ದದ್ದು ಅದಲ್ಲ. ನೀವು ಕರೆಂಟ್ ಹೋಗ್ಬಾರ್ದು ಅಂದ್ರಿ. ನಾಲ್ಕೆಳೆ ತಂತಿ ಕಟ್ಟು ಅಂದ್ರಾ? ಕಟ್ಟಿದ್ದು ನಾನು. ಮೂವತ್ತು ವರ್ಷದಿಂದ ಫ್ಯೂಸ್ ಕಟ್ತಾ ಇದೀನಿ, ಅದು ಏನಾಗತ್ತೆ ಅಂತ ನನಗೆ ಗೊತ್ತಿರ್ಲಿಲ್ವಾ?" ದನಿ ಏರಿರಲಿಲ್ಲ. "ಮೇಡಂ ಹೇಳಿದ್ರು, ಅದಕ್ಕೇ ಮಾಡ್ದ ಅಂದ್ರೆ ನನಗೆ ಬುದ್ಧಿ ಇಲ್ಲ ಅಂತ ಆಗಲ್ವಾ? ಈ ಕೆಲಸ ಹೋದ್ರೆ ನನಗೆ ಊಟಕ್ಕೇನೂ ತೊಂದರೆ ಇಲ್ಲ. ಆದ್ರೆ ನನ್ನ ತಪ್ಪನ್ನ ನೀವು ತಗೋಬೇಡಿ."

ಅವರನ್ನು ಉಳಿಸಿದೆ ಎಂದೇ ನಾನು ಅಂದುಕೊಂಡಿದ್ದೆ. ಆ ಹೇಳಿಕೆಯಲ್ಲಿ ಬರೆದದ್ದೆಲ್ಲ ನಿಜ. ಆದರೂ ಅದರಲ್ಲಿ ಅವರು ನನ್ನ ಮಾತಿಗೆ ಕುಣಿದ ಕೈ ಮಾತ್ರ ಆಗಿದ್ದರು.

"ನನಗೂ ಗೊತ್ತಿತ್ತು ಅಣ್ಣ. ಗುರುವಾರವೇ ಗೊತ್ತಾಗಿತ್ತು. ಬಂದು ನೋಡ್ಲಿಲ್ಲ. ಅದು ನಂದೇ."

"ಹಂಗಿದ್ರೆ ಅದು ನಿಮ್ದು" ಎಂದರು. ಎದ್ದು ಪ್ಯಾಂಟಿನ ಧೂಳು ಕೊಡವಿದರು. "ಬನ್ನಿ, ಟೈಮಾಯ್ತು."

ಹೊಸ ಟಿಸಿಯೂ ಇನ್ನೂರೈವತ್ತು ಕೆವಿಎಯದ್ದೇ ಬಂದಿತ್ತು. ದೊಡ್ಡದು ಸ್ಟೋರಿನಲ್ಲಿ ಇರಲಿಲ್ಲ. ಮಂಜೂರಾಗಿದ್ದ ಐನೂರು ಇನ್ನೂ ಕಾಗದದಲ್ಲೇ ಇತ್ತು. ಅವರು ಫ್ಯೂಸ್ ಪೆಟ್ಟಿಗೆ ತೆರೆದು ನನಗೆ ಮೂರೂ ಫೇಸಿನ ಒಂದೊಂದೇ ಎಳೆ ತೋರಿಸಿದರು, ನಾನು ಕೇಳಿರಲಿಲ್ಲ. ಟಾಂಗ್ ಟೆಸ್ಟರ್ ಕಚ್ಚಿಸಿದರು. ನಾನು ಪುಸ್ತಕ ತೆರೆದೆ. ಹತ್ತು ಹೊಡೆಯಿತು.

"ನೂರ ಎಪ್ಪತ್ತೆರಡು" ಎಂದರು. ಒಂದು ನಿಮಿಷದ ಮೇಲೆ, "ನೂರ ಎಂಬತ್ತು." ಆಮೇಲೆ, "ನೂರ ತೊಂಬತ್ತೊಂದು." ಎಲ್ಲೋ ಒಂದು ಮೋಟಾರು ಶುರುವಾಯಿತು. ಸ್ವಲ್ಪ ಹೊತ್ತಿಗೆ ಬೇರೆ ದಿಕ್ಕಿನಲ್ಲಿ ಇನ್ನೊಂದು. ಹತ್ತೂಕಾಲಿಗೆ ಇನ್ನೂರ ನಲವತ್ತು. ಹತ್ತೂವರೆಗೆ ಇನ್ನೂರ ಎಂಬತ್ತೆಂಟು. ಅಲ್ಲಿಂದ ಮುಂದೆ ಏರಲಿಲ್ಲ. ಮೊದಲು ತುಂಬಿದ ತೊಟ್ಟಿಗಳ ಮೋಟಾರು ನಿಂತಂತೆ ಅಂಕಿ ಇಳಿಯತೊಡಗಿತು.

"ಇನ್ನೂರ ಎಂಬತ್ತು" ಎಂದರು ಲೈನ್‌ಮನ್. "ಸಾಕಾ ಮೇಡಂ?"

"ಇನ್ನೊಂದು ಹತ್ತು ನಿಮಿಷ ನೋಡೋಣ ಅಣ್ಣ."

ಅವರು ಬಲಗೈ ಸೋತಿದ್ದರಿಂದ ಟೆಸ್ಟರನ್ನು ಎಡಗೈಗೆ ಬದಲಾಯಿಸಿಕೊಂಡರು. ಹನ್ನೊಂದು ಗಂಟೆಯಾದರೂ ನಾವಿಬ್ಬರೂ ಅಲ್ಲಿಂದ ಕದಲಿರಲಿಲ್ಲ.